ಆಟಗಾರನನ್ನು ಬಲ್ಲ ಯಂತ್ರ

ಧರ್ಮರಾಯನಿಗೆ ಜೂಜಿನಲ್ಲಿ ಪ್ರೀತಿಯುಂಟು, ನೈಪುಣ್ಯವಿಲ್ಲ. ಮಹಾಭಾರತದ ಸಭಾಪರ್ವದಲ್ಲಿ ಶಕುನಿಯು ದುರ್ಯೋಧನನಿಗೆ ತಿಳಿಸಿದ ಗುಟ್ಟು ಇದೇ. ದಾಳವುರುಳುವುದಕ್ಕೆ ಮೊದಲೇ ಆಟಗಾರನ ಸ್ವಭಾವವು ಎದುರಾಳಿಗೆ ವಶವಾಗಿದ್ದಿತು.

ಆನ್‌ಲೈನ್ ಕ್ಯಾಸಿನೊಗಳೆಂಬ ಈಗಿನ ದ್ಯೂತಶಾಲೆಗಳಲ್ಲಿ ಶಕುನಿಯ ಆ ಕೆಲಸವನ್ನು ಗಣಕಯಂತ್ರವು ವಹಿಸಿಕೊಂಡಿದೆ. ಆಡುವವನು ಯಾವ ಹೊತ್ತಿನಲ್ಲಿ ಬರುವನು, ಎಷ್ಟು ಪಣವೊಡ್ಡುವನು, ಸೋತಮೇಲೆ ಪಣವನ್ನು ಏರಿಸುವನೋ ಎದ್ದುಹೋಗುವನೋ, ಇವೆಲ್ಲವೂ ಅಲ್ಲಿ ದಾಖಲೆಯಾಗುತ್ತವೆ. ತಾಂಡ್ಯದ ಕಾರ್ಖಾನೆಯಲ್ಲಿ ದುಡಿಯುವ ತರುಣನೊಬ್ಬನು ಸಂಬಳದ ರಾತ್ರಿಗಳಲ್ಲಿ ಆಡುವನೆಂದಿಟ್ಟುಕೊಳ್ಳೋಣ. ಕೆಲವು ತಿಂಗಳಲ್ಲಿಯೇ ಅವನ ಸಂಬಳದ ದಿನವು ಯಂತ್ರಕ್ಕೆ ಗೊತ್ತಾಗುತ್ತದೆ. ಅವನು ಆಟವನ್ನು ಬಿಟ್ಟೆನೆಂದು ಸುಮ್ಮನಿರುವ ವಾರದಲ್ಲಿ ಉಚಿತ ಪಣದ ಆಮಂತ್ರಣವು ಮೊಬೈಲಿಗೆ ಬರಬಹುದು. ಅದನ್ನು ಔದಾರ್ಯವೆಂದು ತಿಳಿಯಬಾರದು, ಅದು ಲೆಕ್ಕಾಚಾರ.

ಇದೇ ಲೆಕ್ಕದಿಂದ ಕೆಡುತ್ತಿರುವವನನ್ನು ಗುರುತಿಸಿ ತಡೆಯುವುದೂ ಸಾಧ್ಯ. ಬ್ರಿಟನ್ನಿನ ಜೂಜಿನ ಆಯೋಗವು ಪರವಾನಗಿದಾರರಿಗೆ ಹಾಗೆಯೇ ವಿಧಿಸಿದೆ. ಆದರೆ ಸೋಲುವವನಿಂದಲೇ ಲಾಭ ಪಡೆಯುವವನು ಅವನಿಗೆ ಎಷ್ಟರಮಟ್ಟಿಗೆ ಕಾವಲಾದಾನು?

ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಇಂಥ ಆಟಗಳನ್ನು ನಿಷೇಧಿಸಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆದರೂ ಪರದೇಶದಲ್ಲಿ ಕುಳಿತವನಿಗೆ ನಮ್ಮ ಶಾಸನದ ಕೈ ಸುಲಭವಾಗಿ ತಾಗದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಜೂಜು ಪಾಪವೆಂದು ಮಕ್ಕಳಿಗೆ ಹೇಳುವುದಷ್ಟೇ ಸಾಲದು. ತನ್ನ ದೌರ್ಬಲ್ಯವನ್ನು ತನಗಿಂತಲೂ ಚೆನ್ನಾಗಿ ಬಲ್ಲವನೊಡನೆ ಆಡಲು ಕುಳಿತಿದ್ದೇನೆಂಬುದು ಅವರಿಗೆ ಮನವರಿಕೆಯಾಗಬೇಕು. ಸೋತು ಬಂದವನಿಗೆ ಬೈಗುಳಕ್ಕೆ ಮುಂಚೆ ಈ ಮಾತನ್ನು ತಿಳಿಸಿರಿ.