ಸುಳ್ಳುಸಾಕ್ಷಿ ನುಡಿಯದ ಲೇಖನಿ

ಕ್ರೈಸ್ತ ವಿಶ್ವಾಸವುಳ್ಳ ಲೇಖಕನು ಏನನ್ನು ಬರೆಯಬೇಕೆಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮವರಲ್ಲಿ ಅನೇಕರು, ವಿಶ್ವಾಸದ ಸಾರ್ಥಕ್ಯವು ಬರೆಹದ ವಸ್ತುವಿನಲ್ಲಿಯೇ ಅಡಗಿದೆಯೆಂದು ಭಾವಿಸಿ, ಯೇಸುಸ್ವಾಮಿಯ ಚರಿತ್ರೆಯನ್ನೋ ಭಕ್ತರ ಮಹಿಮೆಯನ್ನೋ ಸ್ತುತಿಗೀತೆಗಳನ್ನೋ ರಚಿಸಿದವನನ್ನು ಮಾತ್ರ ಕ್ರೈಸ್ತ ಸಾಹಿತಿಯೆಂದು ಗಣಿಸಿ, ಮಿಕ್ಕವರ ಪರಿಶ್ರಮವನ್ನು ಲೌಕಿಕ ವ್ಯವಸಾಯವೆಂದು ಬದಿಗಿರಿಸುವುದುಂಟು. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ನಂಬಿಕೆಯು ಮೊದಲು ತಿದ್ದುವುದು ಬರೆಯುವವನ ಶೀಲವನ್ನು. ಹಾಗೆ ತಿದ್ದಲ್ಪಟ್ಟವನು ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಅವನ ಶ್ರದ್ಧೆಯು ಅದರಲ್ಲಿ ಇಳಿದೇ ಇಳಿಯುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರ ಜೀವಿತವನ್ನು ನೆನೆದಾಗಲೆಲ್ಲ ನನ್ನ ಈ ಎಣಿಕೆ ದೃಢವಾಗುತ್ತದೆ.

1881ರಲ್ಲಿ ಧಾರವಾಡದಲ್ಲಿ ಜನಿಸಿ, ಮಂಗಳೂರಿನ ಬಾಸೆಲ್ ಮಿಷನ್ನಿನ ದೇವಜ್ಞಾನಶಾಲೆಯಲ್ಲಿ ವ್ಯಾಸಂಗ ಮಾಡಿ, ಉತ್ತರ ಕರ್ನಾಟಕದ ಊರುಗಳಲ್ಲಿ ಸುವಾರ್ತೆಯನ್ನು ಸಾರುತ್ತ ಬಾಳಿದ ಈ ಪಾದ್ರಿಗಳು, ತಮ್ಮ ಬಾಳಿನ ಬಹುಭಾಗದ ವಿರಾಮವನ್ನೂ ವಿದ್ವತ್ತನ್ನೂ ವ್ಯಯಿಸಿದುದು ಅಲೆಮಾರಿ ಶಿವಕವಿಯಾದ ಸರ್ವಜ್ಞನ ತ್ರಿಪದಿಗಳನ್ನು ಹುಡುಕುವುದರಲ್ಲಿ. ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿದ ಆ ಸಂಗ್ರಹವು 1924ರಲ್ಲಿ ಪ್ರಕಟವಾಯಿತು. ಕನ್ನಡಿಗರು ಇಂದು ಮಾತುಮಾತಿಗೂ ಉದಾಹರಿಸುವ ಸರ್ವಜ್ಞನನ್ನು ವ್ಯವಸ್ಥಿತವಾಗಿ ಒಂದೆಡೆ ಕೂಡಿಸಿಕೊಟ್ಟ ಪುಣ್ಯ ಒಬ್ಬ ಸಭಾಪಾಲಕರದು.

ಆ ಕಾರ್ಯವು ಎಂಥದೆಂಬುದನ್ನು ತುಸು ಹತ್ತಿರದಿಂದ ನೋಡಬೇಕು. ತ್ರಿಪದಿಯೆಂದರೆ ಮೂರು ಸಾಲು, ಒಟ್ಟು 11 ಗಣಗಳು. 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಸರ್ವಜ್ಞನ ತ್ರಿಪದಿಗಳಲ್ಲಿ ಕಟ್ಟಕಡೆಯ ಗಣದ ಸ್ಥಾನದಲ್ಲಿ ಕವಿಯ ಅಂಕಿತ. ಅಂಕಿತವು ಇಷ್ಟು ಅನುಕೂಲವಾದ ಎಡೆಯಲ್ಲಿರುವುದರಿಂದಲೇ, ಊರ ಚಾವಡಿಯಲ್ಲಿ ಯಾವನೋ ಚತುರನು ಕಟ್ಟಿದ ನುಡಿಯ ತುದಿಗೆ ‘ಸರ್ವಜ್ಞ’ ಎಂದು ಹಚ್ಚಿಬಿಟ್ಟರೆ ಅದೂ ಸರ್ವಜ್ಞನದೇ ಆಗಿ ಬಾಯಿಂದ ಬಾಯಿಗೆ ಹರಿಯತೊಡಗುತ್ತದೆ. ಗುರುಮಹಿಮೆ, ಅನ್ನದಾನ, ಒಕ್ಕಲುತನ, ವೈದ್ಯ, ಒಗಟು ಇವೆಲ್ಲವೂ ಆ ಹೆಸರಿನಲ್ಲಿವೆ. ಜಾತಿಭೇದವನ್ನು ಖಂಡಿಸುವ ನುಡಿಗಳ ಮಗ್ಗುಲಲ್ಲಿಯೇ ಒಂದೊಂದು ಕಸುಬಿನವರನ್ನು ಹೀಗಳೆಯುವ ನುಡಿಗಳೂ ಇವೆ. ಯಾವುದು ಕವಿಯದು, ಯಾವುದು ಹಿಂದಿನಿಂದ ಬಂದು ಸೇರಿದ್ದು, ಎಲ್ಲಿ ಛಂದಸ್ಸು ಮುರಿದಿದೆ, ಮುರಿದುದು ಕವಿಯ ಸ್ವಾತಂತ್ರ್ಯದಿಂದಲೋ ಲಿಪಿಕಾರನ ಕೈತಪ್ಪಿನಿಂದಲೋ ಎಂಬುದನ್ನು ಒಂದೊಂದು ತ್ರಿಪದಿಯ ಮುಂದೂ ಕುಳಿತು ನಿರ್ಣಯಿಸಬೇಕಾದವನಿಗೆ, ಕ್ರೈಸ್ತನಾದ ಪಕ್ಷದಲ್ಲಿ, ಇನ್ನೊಂದು ಸೂಕ್ಷ್ಮವಾದ ಪ್ರಲೋಭನವೂ ಎದುರಾಗದಿರದು. ಕಲ್ಲುದೇವರನ್ನು ಹಳಿಯುವ ನುಡಿಗಳನ್ನು ಮುಂದಿರಿಸಿ, ಶಿವಭಕ್ತಿಯನ್ನು ಕೊಂಡಾಡುವುದನ್ನು ಹಿಂದಿಕ್ಕಿ, ಕವಿಯನ್ನು ಮೆಲ್ಲಮೆಲ್ಲನೆ ತನ್ನ ಮತದ ಸಾಕ್ಷಿಯನ್ನಾಗಿ ನಿಲ್ಲಿಸಿಬಿಡುವುದು ಎಷ್ಟು ಸುಲಭ! ಉತ್ತಂಗಿಯವರ ಸಂಗ್ರಹದಲ್ಲಿ ಸರ್ವಜ್ಞನು ಶಿವಭಕ್ತನಾಗಿಯೇ ಉಳಿದನು.

ನನ್ನ ದೃಷ್ಟಿಯಲ್ಲಿ ಅವರ ಕ್ರೈಸ್ತತ್ವವು ಬೆಳಗುವುದು ಇಲ್ಲಿಯೇ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬುದು ದಶಾಜ್ಞೆಗಳಲ್ಲೊಂದು. ಅದನ್ನು ನಾವು ನ್ಯಾಯಾಲಯದ ಕಟಕಟೆಗೂ ಕೇರಿಯ ಜಗಳಕ್ಕೂ ಸೀಮಿತಗೊಳಿಸಿ ನೆಮ್ಮದಿಯಾಗಿದ್ದೇವೆ. ಆದರೆ ಶತಮಾನಗಳ ಹಿಂದೆ ಗತಿಸಿ, ತನ್ನ ಪರವಾಗಿ ತಾನೇ ವಾದಿಸಲಾರದ ಕವಿಗಿಂತ ನಿರಾಶ್ರಯನಾದ ನೆರೆಯವನು ಯಾರಿದ್ದಾನೆ? ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕುವುದೂ ಆಡಿದುದನ್ನು ನಮಗೆ ಒಗ್ಗದೆಂದು ಮರೆಮಾಚುವುದೂ ಆ ಆಜ್ಞೆಯ ಉಲ್ಲಂಘನೆಯೇ ಸರಿ. ಭಾನುವಾರದ ಪ್ರಸಂಗದಲ್ಲಿ ಸತ್ಯವನ್ನು ಬೋಧಿಸಿದವನು ಸೋಮವಾರ ಪಾಠಾಂತರಗಳ ಮುಂದೆ ಕುಳಿತಾಗಲೂ ಆ ಸತ್ಯಕ್ಕೆ ಅಧೀನನಾಗಿರುವುದಕ್ಕೆ ವಿದ್ವತ್ತೊಂದೇ ಸಾಲದು. ತಾಳ್ಮೆ ಬೇಕು, ನಿರ್ಮೋಹ ಬೇಕು, ಪರರ ಸಂಪತ್ತನ್ನು ಪರರದೆಂದೇ ಪ್ರೀತಿಸಬಲ್ಲ ಹೃದಯ ಬೇಕು.

ಈ ಮಾರ್ಗದಲ್ಲಿ ಉತ್ತಂಗಿಯವರಿಗಿಂತ ಮೊದಲು ನಡೆದವರು ಬಾಸೆಲ್ ಮಿಷನ್ನಿನವರೇ ಆದ ಫರ್ಡಿನಂಡ್ ಕಿಟ್ಟೆಲ್. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ ಅವರ ‘ಕಥಾಮಾಲೆ’ಯನ್ನು ಇಂದು ಓದುವವರು ವಿರಳ, ಯಾವ ಮತವನ್ನೂ ಪ್ರತಿಪಾದಿಸದ 1894ರ ಕನ್ನಡ-ಇಂಗ್ಲಿಷ್ ನಿಘಂಟು ಮಾತ್ರ ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಹಳಗನ್ನಡದ ವೈಯಾಕರಣ ಕೇಶಿರಾಜನ ಪ್ರಯೋಗಕ್ಕೆ ಕೊಟ್ಟ ಗೌರವವನ್ನೇ ಹಳ್ಳಿಯ ಗಾದೆಗೂ ಕೊಟ್ಟ ಆ ಗ್ರಂಥವನ್ನು ಪ್ರಾರ್ಥನೆಯೆಂದು ಕರೆಯಲು ನನಗೆ ಸಂಕೋಚವಿಲ್ಲ. ವಿಮೋಚನಕಾಂಡದಲ್ಲಿ ಬೆಚಲೇಲನು ದೇವರ ಆತ್ಮದಿಂದ ತುಂಬಿದವನಾದನೆಂದು ಹೇಳಿರುವುದು, ಅವನು ಪ್ರವಾದನೆ ನುಡಿದನೆಂಬ ಕಾರಣದಿಂದಲ್ಲ. ಚಿನ್ನ, ಬೆಳ್ಳಿ, ತಾಮ್ರಗಳ ಕೆಲಸವನ್ನೂ ರತ್ನ ಕೆತ್ತುವ, ಮರ ಕೊರೆಯುವ ಕೆಲಸವನ್ನೂ ಮಾಡುವುದಕ್ಕಾಗಿ.

ಸ್ವಮತದಲ್ಲಿ ಸಡಿಲರಾದವರು ಮಾತ್ರ ಪರರ ಸಾಹಿತ್ಯದಲ್ಲಿ ಹೀಗೆ ಮುಳುಗಬಲ್ಲರೆಂದು ಆಕ್ಷೇಪಿಸುವವರಿದ್ದಾರೆ. ಉತ್ತಂಗಿಯವರ ವಿಷಯದಲ್ಲಿ ಈ ಮಾತು ನಿಲ್ಲದು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಬರೆದವರೂ ಅವರೇ, ಕ್ರಿಸ್ತನಲ್ಲಿ ತಮಗಿದ್ದ ಭಕ್ತಿಯನ್ನು ಅವರು ಮುಚ್ಚಿಡಲಿಲ್ಲ. ಶಿವಶರಣರ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ವಾದಿಸಲು ನಿಂತಾಗಲೂ ಅವರು ಪಾದ್ರಿಗಳಾಗಿಯೇ ಇದ್ದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕನ್ನಡ ಜನತೆ ಅವರನ್ನು ಕುಳ್ಳಿರಿಸಿದುದು, ಅವರು ತಮ್ಮ ಧರ್ಮವನ್ನು ಮನೆಯಲ್ಲಿ ಬಿಟ್ಟು ಬಂದರೆಂದಲ್ಲ.

ನಮ್ಮ ದೇವಜ್ಞಾನಶಾಲೆಗಳಲ್ಲಿ ಪ್ರಸಂಗ ಮಾಡುವ ಕಲೆಗೆ ಕೊಡುವಷ್ಟೇ ಮನ್ನಣೆಯನ್ನು ಈ ಬಗೆಯ ಸಂಪಾದನಾಕಾರ್ಯಕ್ಕೂ ಕೊಡಬೇಕೆಂಬುದು ನನ್ನ ಬೇಡಿಕೆ. ನಮ್ಮ ಹಳ್ಳಿಗಳಲ್ಲಿ ತತ್ವಪದಗಳನ್ನೂ ತ್ರಿಪದಿಗಳನ್ನೂ ನೆನಪಿನಿಂದಲೇ ಹೇಳಬಲ್ಲ ವೃದ್ಧರು ಇನ್ನೂ ಇದ್ದಾರೆ. ತರುಣ ಸಭಾಪಾಲಕರು ಅವರ ಬಳಿಗೆ ಹೋಗಿ, ಬೋಧನೆಯನ್ನು ಆ ಒಂದು ಹೊತ್ತಿನ ಮಟ್ಟಿಗೆ ಬದಿಗಿಟ್ಟು, ಕೇಳಿದುದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಲಿ. ಸಭೆಗಳ ಹಿರಿಯರು ಆ ಹೊತ್ತನ್ನು ಸೇವೆಯ ಹೊತ್ತೆಂದೇ ಲೆಕ್ಕಕ್ಕೆ ಹಿಡಿಯಲಿ.