ಚರ್ಮಶುದ್ಧಿಯ ವಿಚಾರ

ಶೌಚವು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ವಿಧವೆಂದು ನಮ್ಮ ಹಿರಿಯರು ಹೇಳಿರುವರಷ್ಟೆ. ದೇಹದಲ್ಲಿ ಈ ಒಳಹೊರಗುಗಳ ನಡುವಣ ಎಲ್ಲೆಯೇ ಚರ್ಮ. ಆ ಎಲ್ಲೆಯನ್ನು ವೈದ್ಯನೇ ಭೇದಿಸಬೇಕಾದಾಗ ಏನು ಮಾಡತಕ್ಕುದೆಂಬುದನ್ನು ಗೃಹಸ್ಥರು ಅರಿತಿರುವುದು ಒಳ್ಳೆಯದು.

ಕಳೆದ ವರ್ಷ ನನ್ನ ಅಣ್ಣನವರು ಆಸ್ಪತ್ರೆಯಲ್ಲಿದ್ದಾಗ ಅವರ ಕತ್ತಿನ ದೊಡ್ಡ ರಕ್ತನಾಳದಲ್ಲಿ ಕೆಥೀಟರ್ ಎಂಬ ಸಣ್ಣ ನಳಿಗೆಯನ್ನಿರಿಸಿದ್ದರು. ಒಂದು ದಿನ ದಾದಿಯು ಅದರ ಪಟ್ಟಿಯನ್ನು ಬದಲಾಯಿಸಲು ಬಂದು, ಚರ್ಮಕ್ಕೆ ಔಷಧವನ್ನು ಸವರಿ, ಸುಮ್ಮನೆ ನಿಂತಳು. “ಇನ್ನೇಕೆ ತಡವಮ್ಮಾ?” ಎಂದು ನಾನು ಅವಸರಪಡಿಸಿದೆನು. “ಆರಬೇಕು ಮೇಷ್ಟ್ರೇ, ಆರದೆ ಔಷಧದ ಕೆಲಸ ಮುಗಿಯದು” ಎಂದಳು. ಅಂದು ಉಪಾಧ್ಯಾಯನೇ ಶಿಷ್ಯನಾದೆನು.

ನಮ್ಮ ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಾಣುಗಳು ಹೊರಗಿರುವವರೆಗೆ ಸಾಧುಗಳೇ. ನಳಿಗೆಯ ಜಾಡು ಹಿಡಿದು ರಕ್ತವನ್ನು ಸೇರಿದರೆ ಅವೇ ಪ್ರಾಣಾಂತಕಗಳಾಗುವುವು. ಆದುದರಿಂದಲೇ ಈ ಔಷಧಲೇಪನ.

ಇವುಗಳಲ್ಲಿ ಮುಖ್ಯವಾದುವು ಮೂರು. ಆಲ್ಕೊಹಾಲು ಶೀಘ್ರವಾಗಿ ಕೊಲ್ಲುವುದು. ಆದರೆ ಆವಿಯಾದೊಡನೆ ಅದರ ಕಾರ್ಯವೂ ಮುಗಿಯಿತು. ಪೊವಿಡೋನ್ ಅಯೊಡಿನ್ ಬಲ್ಲಿದನೇ ಹೌದು. ರಕ್ತದ ಸಂಪರ್ಕದಿಂದ ಅದರ ಶಕ್ತಿ ಕುಂದುವುದು. ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿಕೊಂಡು ಬಹಳ ಹೊತ್ತು ಕಾವಲಿರುವುದು.

1991ರಲ್ಲಿ ಅಮೆರಿಕದಲ್ಲಿ 668 ನಳಿಗೆಗಳ ಮೇಲೆ ಈ ಮೂರನ್ನೂ ಹೋಲಿಸಿ ನೋಡಿದರು. ನೂರು ನಳಿಗೆಗಳಿಗೆ ಸ್ಥಳೀಯ ಸೋಂಕು ಕಂಡದ್ದು ಕ್ಲೋರ್‌ಹೆಕ್ಸಿಡಿನ್ನಿನಲ್ಲಿ 2.3, ಆಲ್ಕೊಹಾಲಿನಲ್ಲಿ 7.1, ಅಯೊಡಿನ್ನಿನಲ್ಲಿ 9.3. ಅಯೊಡಿನ್ನಿಗೂ ಆಲ್ಕೊಹಾಲನ್ನು ಬೆರೆಸಿದರೆ ಸಮವಾಗದೇ ಎಂಬ ಸಂದೇಹವುಳಿಯಿತು. ಫ್ರಾನ್ಸಿನ ವೈದ್ಯರು ಎರಡಕ್ಕೂ ಆಲ್ಕೊಹಾಲನ್ನು ಬೆರೆಸಿ, 2,349 ರೋಗಿಗಳಲ್ಲಿ ಪರೀಕ್ಷಿಸಿ, 2015ರಲ್ಲಿ ಫಲವನ್ನು ಪ್ರಕಟಿಸಿದರು: ಸಾವಿರ ನಳಿಗೆ-ದಿನಗಳಿಗೆ ಸೋಂಕು ಕ್ಲೋರ್‌ಹೆಕ್ಸಿಡಿನ್ನಿನಲ್ಲಿ 0.28, ಅಯೊಡಿನ್ನಿನಲ್ಲಿ 1.77. ಸಂದೇಹವು ಪರಿಹಾರವಾಯಿತು.

ಹಾಗೆಂದು ಕ್ಲೋರ್‌ಹೆಕ್ಸಿಡಿನ್ ನಿರ್ದೋಷವೆಂದಲ್ಲ. ಕೆಲವರ ಚರ್ಮ ಅದನ್ನು ಸಹಿಸದು. ಹಿಂದೆ ಅದರಿಂದ ತುರಿಕೆ, ದದ್ದು ಎದ್ದಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕುದು. ಎಳೆಯ ಶಿಶುಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು.

ಔಷಧವನ್ನು ಆರಿಸುವುದು ವೈದ್ಯರ ಕರ್ತವ್ಯ. ನಮ್ಮದೂ ಕೆಲವುಂಟು. ಕೈ ತೊಳೆಯದೆ ರೋಗಿಯನ್ನು ಮುಟ್ಟಬಾರದು. ಪಟ್ಟಿಯನ್ನು ಬಿಚ್ಚಿ ನೋಡಬಾರದು. ವಿಭೂತಿ, ಅರಿಸಿನಗಳನ್ನು ಅಲ್ಲಿಗೆ ಹಚ್ಚಲೇಬಾರದು. ಪಟ್ಟಿ ನೆನೆದರೆ, ಸಡಿಲವಾದರೆ, ರೋಗಿಗೆ ಚಳಿಜ್ವರ ಬಂದರೆ ಕೂಡಲೆ ತಿಳಿಸಬೇಕು. “ನಳಿಗೆ ಇನ್ನೂ ಅವಶ್ಯವೇ?” ಎಂದು ವಿನಯದಿಂದ ಕೇಳುವುದು ತಪ್ಪಲ್ಲ, ಬೇಡವಾದ ನಳಿಗೆಯನ್ನು ತೆಗೆಯುವುದೇ ಉತ್ತಮ ರಕ್ಷಣೆ.

ಕೊನೆಯದಾಗಿ, ಔಷಧವು ಆರುವವರೆಗೆ ದಾದಿಯನ್ನು ಅವಸರಪಡಿಸಬೇಡಿರಿ. ಆ ಅರ್ಧ ನಿಮಿಷವು ರೋಗಿಯದು, ನಮ್ಮದಲ್ಲ.