ಬಡವರ ದಿವಾಳಿ ಅರ್ಜಿಗೆ 1920ರ ಕಾಯ್ದೆಯೇ ಗತಿ

ತೀರಿಸಲಾಗದ ಸಾಲಕ್ಕೆ ಸಿಕ್ಕವರು ತಾವಾಗಿಯೇ ಕೋರ್ಟಿಗೆ ಹೋಗಿ ದಿವಾಳಿ ಘೋಷಿಸಿಕೊಳ್ಳಲು ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಕ್ಕೆ. ಸಾಲ 500 ರೂಪಾಯಿ ಮುಟ್ಟಿದ್ದರೆ ಸಾಕು. ಕಾಯ್ದೆ ಎಷ್ಟು ಹಳತೆಂದು ಆ ಅಂಕಿಯೇ ಹೇಳುತ್ತದೆ. ಸಾಲ ಕೊಟ್ಟವರ ಹೆಸರು, ವಿಳಾಸ, ಬಾಕಿ, ತನ್ನ ಆಸ್ತಿ, ಅದರ ಬೆಲೆ ಎಲ್ಲವನ್ನೂ ಬರೆದು, ಆಸ್ತಿಯನ್ನು ಕೋರ್ಟಿನ ವಶಕ್ಕೆ ಒಪ್ಪಿಸಲು ಸಿದ್ಧ ಎಂದು ತಿಳಿಸಬೇಕು. ಆದೇಶವಾದ ಮೇಲೆ ಆಸ್ತಿ ಕೋರ್ಟಿಗೆ ಅಥವಾ ರಿಸೀವರ್‌ಗೆ ಸೇರುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಉಪಕರಣ, ಹೆಣ್ಣುಮಕ್ಕಳ ತಾಳಿ ಮುಟ್ಟುವಂತಿಲ್ಲ. ಅಡವಿಟ್ಟ ಬಂಗಾರದ ಮೇಲೆ ಮಾತ್ರ ಅಡವು ಹಿಡಿದವರ ಹಕ್ಕು ಉಳಿಯುತ್ತದೆ. ಬಂಧನದಿಂದ ರಕ್ಷಣೆಯನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ಕೊನೆಗೆ, ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗೆ ಮತ್ತೊಂದು ಅರ್ಜಿ. ಅದು ತಪ್ಪಿದರೆ ದಿವಾಳಿ ಆದೇಶವೇ ರದ್ದಾಗುತ್ತದೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದಲ್ಲ ಎಂದು ಒಪ್ಪಿಸದ ಹೊರತು ಪೂರ್ಣ ಬಿಡುಗಡೆ ಇಲ್ಲ.

2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆ ತಂದಿತು. ಕಂಪನಿಗಳಿಗೆ ಅದು ಅದೇ ವರ್ಷ ಜಾರಿಯಾಯಿತು. ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ 2019ರ ಡಿಸೆಂಬರ್ 1ರಿಂದ ಅನ್ವಯವಾಯಿತು. ನೇಕಾರರು, ಆಟೊ ಚಾಲಕರು, ಹೊಲಿಗೆ ಯಂತ್ರವನ್ನೇ ನಂಬಿದ ಹೆಂಗಸರು ಕೇಳಬಹುದಾದ ಭಾಗಕ್ಕೆ ಮಾತ್ರ ಈವರೆಗೆ ಅಧಿಸೂಚನೆಯಿಲ್ಲ. ದಾರಿ ಸುಲಭವಾದರೆ ಜನ ಸಾಲ ಮುಳುಗಿಸುತ್ತಾರೆ ಎನ್ನುವವರಿಗೆ ಕಂಪನಿಗಳ ವಿಷಯದಲ್ಲಿ ಆ ಭಯ ಬರಲಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತರಕಾರಿ ಮಾರುವವಳನ್ನು ಕಂಡರಷ್ಟೇ ಬರುತ್ತದೆ. ಇದು ಶಿಸ್ತಲ್ಲ, ಪಕ್ಷಪಾತ.

ಅಧಿಸೂಚನೆ ಬಂದರೂ ಸಾಲದು. ಸಣ್ಣ ಸಾಲವನ್ನು ಪೂರ್ತಿ ತೊಡೆದುಹಾಕುವ 'ಹೊಸ ಆರಂಭ'ದ ಅರ್ಜಿಗೆ ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ದಾಟಬಾರದು, ಸಾಲ 35,000 ದಾಟಬಾರದು, ಸ್ವಂತ ಮನೆ ಇರಬಾರದು. 60,000 ಎಂದರೆ ತಿಂಗಳಿಗೆ 5,000. ಮೈಕ್ರೊಫೈನಾನ್ಸ್ ಸಾಲ ಹಂಚಲು ರಿಸರ್ವ್ ಬ್ಯಾಂಕ್ ಇಟ್ಟ ಮಿತಿ ಕುಟುಂಬಕ್ಕೆ ವರ್ಷಕ್ಕೆ 3 ಲಕ್ಷ. ಸಾಲ ಹೇರುವಾಗ ಬಡವರಾದವರು ಬಿಡುಗಡೆ ಕೇಳುವಾಗ ಬಡವರಾಗಿ ಉಳಿಯುವುದಿಲ್ಲ. ಈ 60,000ದ ಗೆರೆ ಇರುವವರೆಗೆ ಆ ಬಾಗಿಲು ಬಹುತೇಕ ಯಾರಿಗೂ ತೆರೆಯದು.

ಮೈಕ್ರೊಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಬಾಗಿಲಿಗೆ ಬಂದು ಬೈಯುವವನಿಗೆ ಶಿಕ್ಷೆ ಸರಿಯೇ. ಆದರೆ ನೋಂದಾಯಿತ ಸಂಸ್ಥೆಯ ಬಾಕಿ ಅದರಿಂದ ಕರಗದು. ವಾರದ ಕಂತು ವಾರಕ್ಕೆ ಬಂದೇ ಬರುತ್ತದೆ.

ಹೊಸ ಸಂಹಿತೆ ವ್ಯಕ್ತಿಗಳ ದಿವಾಳಿ ಅರ್ಜಿಗಳನ್ನು ಸಾಲ ವಸೂಲಾತಿ ನ್ಯಾಯಮಂಡಳಿಗೆ ಒಪ್ಪಿಸಿದೆ. ಕರ್ನಾಟಕದ ಪಾಲಿಗೆ ಅದು ಬೆಂಗಳೂರಿನಲ್ಲಿದೆ. ಹಿಂದೆ ಹೈಕೋರ್ಟ್ ಪೀಠಕ್ಕಾಗಿಯೂ ಧಾರವಾಡದ ವಕೀಲರು ದಶಕಗಳ ಕಾಲ ಹೋರಾಡಬೇಕಾಯಿತು. ಸಂಚಾರಿ ಪೀಠ ಬಂದದ್ದು 2008ರಲ್ಲಿ. ಉತ್ತರ ಕರ್ನಾಟಕದವರು ಪ್ರತಿ ಹಕ್ಕಿಗೂ ರಾತ್ರಿ ಬಸ್ಸು ಹತ್ತಲೇಬೇಕೆಂಬ ರೂಢಿ ಇನ್ನೂ ಹೋಗಿಲ್ಲ. ಕಂತು ಕಟ್ಟಲಾಗದವರು 400 ಕಿಲೋಮೀಟರ್ ದೂರದ ವಿಚಾರಣೆಗೆ ಅಲೆಯಲಾರರು. ಈ ಅಧಿಕಾರ ಜಿಲ್ಲಾ ನ್ಯಾಯಾಲಯದಲ್ಲೇ ಇರಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕಾದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹೊಸ ಕಾನೂನು ಜಾರಿಯಾಗುವವರೆಗೆ 1920ರ ಅರ್ಜಿಯನ್ನಾದರೂ ಸ್ವಸಹಾಯ ಸಂಘಗಳ ಸಭೆಗೇ ಹೋಗಿ ಬರೆಸಿಕೊಡಬೇಕು.